ಅಗುಳಿಯೂ ಅತಿಥಿಯೂ

ಬಾಗಿಲನ್ನು ಮೊದಲು ಮಾಡಿದವನು ಮುಚ್ಚುವುದಕ್ಕೆಂದು ಮಾಡಿದನೋ ತೆರೆಯುವುದಕ್ಕೆಂದು ಮಾಡಿದನೋ ಹೇಳುವುದು ಕಷ್ಟ. ಮುಚ್ಚುವುದಷ್ಟೇ ಉದ್ದೇಶವಾಗಿದ್ದರೆ ಗೋಡೆ ಸಾಕಾಗಿತ್ತು. ತೆರೆದಿರುವುದಷ್ಟೇ ಆಗಿದ್ದರೆ ಗೋಡೆಯೂ ಬೇಕಿರಲಿಲ್ಲ. ಎರಡೂ ಬೇಕೆಂಬ ಸಂಸಾರಿಯ ಆಸೆಯಿಂದ ಬಾಗಿಲು ಹುಟ್ಟಿತು. ಬೆನ್ನಿಗೇ ಅಗುಳಿಯ ಚಿಂತೆಯೂ ಹುಟ್ಟಿತು.

ಈಗ ನಮ್ಮ ಮನೆಗಳಿಗೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲು ಬಂದಿದೆ. ನಡುಮನೆಯಲ್ಲಿ ಎರಡು ಕೊಂಬು ನಿಮಿರಿಸಿಕೊಂಡು ಹಗಲಿರುಳೂ ಮಿನುಗುವ ರೂಟರ್ ಎಂಬ ಡಬ್ಬಿಯೇ ಅದು. ಅದರ ಮೂಲಕವೇ ನನ್ನ ತಾಯಿ ದೂರದೇಶದಲ್ಲಿರುವ ಮೊಮ್ಮಗಳ ಮುಖ ನೋಡುತ್ತಾರೆ. ಅವರ ಪಿಂಚಣಿಯ ಲೆಕ್ಕ ಓಡಾಡುವುದೂ ಅದರ ಮೂಲಕವೇ. ಮೊಮ್ಮಗಳಿಗಾಗಿ ತೆರೆದಿರಬೇಕು, ಪಿಂಚಣಿಗಾಗಿ ಮುಚ್ಚಿರಬೇಕು!

ನನ್ನ ಮಗ ಮುಚ್ಚುವ ಪಂಥದವನು. ಅವನಿಟ್ಟ ಪಾಸ್‌ವರ್ಡಿನಲ್ಲಿ ಅಕ್ಷರ, ಅಂಕಿ, ಆಶ್ಚರ್ಯಸೂಚಕ ಎಲ್ಲವೂ ಇದ್ದವು. ವ್ಯಾಕರಣದ ಮೇಷ್ಟರಾದ ನನಗೂ ಅದರ ಸಂಧಿ ಬಿಡಿಸಲಾಗಲಿಲ್ಲ. ಮೇಲಾಗಿ ಅದು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ನಮ್ಮಾಕೆ ಅದನ್ನು ದೊಡ್ಡಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದಳು. ಚಂದಾ ಕೇಳಲು ಬಂದವರೂ ಓದಿಕೊಂಡು ಹೋಗಬಹುದಾಗಿತ್ತು. ಅವಧಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸೆಂದು ಜನರನ್ನು ಪೀಡಿಸಬಾರದೆಂದು ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ ಹೇಳಿತು. ಪೀಡಿಸಿದರೆ ಜನ ಕೊನೆಯ ಅಂಕಿಯೊಂದನ್ನು ತಿದ್ದಿ ಸುಮ್ಮನಾಗುತ್ತಾರೆ.

ಪಕ್ಕದ ಮನೆಯ ರಾಯರು ತೆರೆಯುವ ಪಂಥದವರು. ಬಂದವರಿಗೆ ನೀರು ಕೊಡುವ ಹಾಗೆ ವೈಫೈ ಕೊಡಬೇಕೆಂಬುದು ಅವರ ಧರ್ಮ. ಧರ್ಮ ದೊಡ್ಡದೇ, ಆದರೆ ಸುಲಭಮಾರ್ಗಕ್ಕೂ ಬೆಲೆಯುಂಟು. ಉದ್ದದ ಪಾಸ್‌ವರ್ಡ್ ಬೇಡ, ಎಂಟು ಅಂಕಿ ಒತ್ತಿದರೆ ಸಾಕು ಎಂದು ರೂಟರುಗಳಲ್ಲಿ ‘ಡಬ್ಲ್ಯುಪಿಎಸ್’ ಎಂಬ ಏರ್ಪಾಡು ಬಂದಿತು. ಕೊನೆಯ ಅಂಕಿ ತಾಳೆ ನೋಡುವುದಕ್ಕೆ ಮಾತ್ರ; ಆದರೂ ಕಳ್ಳ ಒಂದು ಕೋಟಿ ಸಲ ಊಹಿಸಬೇಕಾಗುತ್ತಿತ್ತು. ಆದರೆ ಮೊದಲ ನಾಲ್ಕಂಕಿ ಸರಿಯೋ ತಪ್ಪೋ ಎಂಬುದನ್ನು ಡಬ್ಬಿಯೇ ಬೇರೆಯಾಗಿ ಹೇಳಿಬಿಡುತ್ತದೆಂದು 2011ರಲ್ಲಿ ಬಯಲಾಯಿತು. ಕೋಟಿಯ ಕೋಟೆ 11,000 ಊಹೆಗಳಿಗೆ ಕುಸಿಯಿತು. 2016ರಲ್ಲಂತೂ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯವರು ಇಟ್ಟು ಕಳಿಸಿದ ಪಾಸ್‌ವರ್ಡುಗಳನ್ನೇ ಪ್ರಯೋಗಿಸಿ, ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಯಜಮಾನರು ಅವನ್ನು ಬದಲಾಯಿಸುವ ಗೋಜಿಗೇ ಹೋಗಿರಲಿಲ್ಲ.

ನಮ್ಮ ಹಿರಿಯರಿಗೆ ಈ ವ್ಯಾಜ್ಯ ತಿಳಿದಿತ್ತು. ಅವರು ಮನೆಯ ಮುಂದೆ ಜಗಲಿ ಕಟ್ಟಿದರು. ದಾರಿಹೋಕ ಅಲ್ಲಿ ಕೂರಬಹುದು, ಮಜ್ಜಿಗೆ ಕುಡಿಯಬಹುದು. ಪೆಟ್ಟಿಗೆಯಿದ್ದ ಕೋಣೆಗೆ ಅವನಿಗೆ ಕೆಲಸವಿರಲಿಲ್ಲ. ಈಚಿನ ಅನೇಕ ರೂಟರುಗಳಲ್ಲಿ ಅತಿಥಿಗಳಿಗೆಂದೇ ಬೇರೆ ಜಾಲವುಂಟು. ಅದು ಜಗಲಿಯಲ್ಲದೆ ಮತ್ತೇನು?

ನಮ್ಮ ಮನೆಯಲ್ಲಿ ಈಗ ಹೀಗೊಂದು ಒಪ್ಪಂದವಾಗಿದೆ. ನೆಂಟರಿಗೆ ಜಗಲಿ. ಕಾರ್ಖಾನೆಯ ಪಾಸ್‌ವರ್ಡಿಗೂ ಎಂಟಂಕಿಯ ಏರ್ಪಾಡಿಗೂ ವಿದಾಯ. ಒಳಮನೆಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳ ಪಾಸ್‌ವರ್ಡ್. ಉದ್ದವೇನೋ ಹೌದು, ಆದರೆ ತಾಯಿಗೆ ಬಾಯಿಪಾಠವಾಗಿದೆ. ಕ್ಯಾಲೆಂಡರಿನ ಚೀಟಿ ಒಲೆ ಸೇರಿತು. ಬ್ಯಾಂಕಿನ ವ್ಯವಹಾರಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ: ಒಟಿಪಿ ಬರುವತನಕ ಕಾಯಬೇಕು, ಬಂದದ್ದನ್ನು ಯಾರಿಗೂ ಹೇಳಕೂಡದು.

ತಾಳ್ಮೆಯೂ ಸಂಬಳದ ಹಾಗೆ; ಕಂಡಕಂಡಲ್ಲಿ ಚೆಲ್ಲಿದರೆ ತಿಂಗಳ ಕೊನೆಗೆ ಉಳಿಯುವುದಿಲ್ಲ. ಮೊಮ್ಮಗಳ ಮುಖ ನೋಡುವುದಕ್ಕೆ ಅದನ್ನು ಖರ್ಚುಮಾಡಿಸದೆ ಇದ್ದರೆ, ಪಿಂಚಣಿಯ ಪೆಟ್ಟಿಗೆ ಕಾಯುವುದಕ್ಕೆ ಮುದುಕಿಯ ಬಳಿ ಬೇಕಾದಷ್ಟು ಉಳಿದಿರುತ್ತದೆ.