ನಮ್ಮ ಗೋಡೆ

ಬ್ಯಾಟರಾಯನಪುರದಲ್ಲಿ, ಬಳ್ಳಾರಿ ರಸ್ತೆಯಿಂದ ಒಳಕ್ಕೆ ತಿರುಗುವಲ್ಲೇ ನಮ್ಮ ಮನೆಯ ಗೋಡೆ. ನಾನು ಹುಡುಗನಾಗಿದ್ದಾಗ ಸಾಬೂನಿನ ಕಂಪನಿಯವರು ಅದಕ್ಕೆ ಪುಕ್ಕಟೆ ಸುಣ್ಣ ಹೊಡೆಸಿ, ಮೇಲೆ ತಮ್ಮ ಹೆಸರು ಬರೆಸಿದರು. ಬಾಡಿಗೆ ಕೇಳಬೇಕೆಂದು ಅಪ್ಪನಿಗೆ ಹೊಳೆಯಲೇ ಇಲ್ಲ. ತಿಂಗಳೊಳಗೆ ಅಮ್ಮ ಅದೇ ಸಾಬೂನು ತರಿಸತೊಡಗಿದಳು. ನಮ್ಮ ಗೋಡೆಯ ಮೇಲೆ ಕೂತು ನಮ್ಮ ಜೇಬಿಗೇ ಕೈಹಾಕುವ ವಿದ್ಯೆಗೆ ಜಾಹೀರಾತು ಎನ್ನುತ್ತಾರೆಂದು ಆಗ ತಿಳಿಯಿತು.

ಬರೆದ ಪೇಂಟರು ನಮ್ಮ ಬೀದಿಯವರೇ. ಫ್ಲೆಕ್ಸ್ ಬಂದಮೇಲೆ ಅವರ ಕುಂಚ ಒಣಗಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿ, ಪಾಲಿಕೆ ಫ್ಲೆಕ್ಸ್‌ಗಳನ್ನು ಕಿತ್ತುಹಾಕಿದಾಗ, ಮುದುಕರು ನಮ್ಮ ಗೋಡೆ ಸವರುತ್ತ, "ಇನ್ನು ನಮಗೆ ಕೆಲಸ ಸಿಗಬಹುದೇನಪ್ಪಾ?" ಎಂದರು.

"ಮೊದಲು ನಿಮ್ಮ ಹೆಸರೇ ಬರೀರಿ" ಎಂದೆ.

ಊರವರ ಸರಕನ್ನೆಲ್ಲ ಹೊಗಳಿ ಬರೆದವರು, ತಮ್ಮ ಬಗ್ಗೆ ಏನು ಬರೆಯಬೇಕೆಂದು ತೋಚದೆ, ಕುಂಚ ಹಿಡಿದು ನಿಂತೇಬಿಟ್ಟರು.