ಗಷ್ಟಿನ ಆಸ್ತಿ

ಮನೆಯಲ್ಲಿ ಬಿಯರ್ ಮಾಡುವವನ ಫ್ರಿಜ್ಜನ್ನು ನೆಂಟರು ಹೇಳದೆ ಕೇಳದೆ ತೆರೆಯಬಾರದು. ಮಿನೆಸೋಟದ ನಮ್ಮ ಮನೆಯ ಫ್ರಿಜ್ಜಿನಲ್ಲಿ ಉಪ್ಪಿನಕಾಯಿಯ ಹಿಂದೆ ನಾಲ್ಕಾರು ಗಾಜಿನ ಜಾಡಿಗಳಿವೆ. ತಳದಲ್ಲಿ ಕೆನೆಬಣ್ಣದ ಗಷ್ಟು, ಮೇಲೆ ತೆಳು ಕಂದು ನೀರು. ಊರಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ಹಳಸಿದ ಗಂಜಿ ಎಂದುಕೊಂಡು ಸಿಂಕಿಗೆ ಸುರಿಯಲು ಎತ್ತಿದ್ದರು. ಅಳಿಯಂದಿರು ಇಷ್ಟು ಚುರುಕಾಗಿ ಓಡಬಲ್ಲರೆಂದು ಅವರಿಗೆ ಅವತ್ತೇ ಗೊತ್ತಾದದ್ದು.

“ಅದು ಹೆಪ್ಪು ಇದ್ದ ಹಾಗೆ, ಅತ್ತೆ” ಎಂದೆ. ಹೆಪ್ಪು ಎಂದ ಕೂಡಲೇ ಅವರು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಇದ್ದಲ್ಲೇ ಇಟ್ಟರು. ಯಾವುದರ ಹೆಪ್ಪು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. “ದೀಪ ಹಚ್ಚಿದ ಮೇಲೆ ಯಾರಿಗೂ ಕೊಡಬೇಡಿ ಮತ್ತೆ” ಎಂದಷ್ಟೇ ಅಂದರು.

ಅಂಗಡಿಯಲ್ಲಿ ದ್ರವರೂಪದ ಯೀಸ್ಟಿನ ಒಂದು ಪೊಟ್ಟಣಕ್ಕೆ ಹತ್ತು ಡಾಲರ್ ಆಸುಪಾಸು. ಅದರಲ್ಲಿ ಐದು ಗ್ಯಾಲನ್, ಅಂದರೆ 19 ಲೀಟರ್ ಬಿಯರ್ ಆಗುತ್ತದೆ. ಬಾರ್ಲಿ ಮಾಲ್ಟ್ ಮುಗಿಯುತ್ತದೆ, ಹಾಪ್ಸ್ ಮುಗಿಯುತ್ತದೆ. ಯೀಸ್ಟ್ ಮಾತ್ರ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಬೆಳೆದು, ಕೆಲಸ ಮುಗಿಸಿ, ಪಾತ್ರೆಯ ತಳದಲ್ಲಿ ಕೂತಿರುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚಾಗಿರುವಾಗ ಅದನ್ನು ಚರಂಡಿಗೆ ಬಿಡಲು, ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಒರೆಸಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ಮನಸ್ಸು ಬಂದೀತೆ?

ಕೆಲಸವೇನೂ ಕಷ್ಟದ್ದಲ್ಲ. ಬಿಯರನ್ನು ಬಸಿದ ಮೇಲೆ ಕುದಿಸಿ ಆರಿಸಿದ ನೀರನ್ನು ಗಷ್ಟಿನ ಮೇಲೆ ಸುರಿದು ಕಲಕಬೇಕು. ಇಪ್ಪತ್ತು ನಿಮಿಷ ಸುಮ್ಮನಿದ್ದರೆ ಹಾಪ್ಸಿನ ಚೂರುಪಾರು ಮೊದಲು ಕೆಳಗಿಳಿಯುತ್ತದೆ. ಮೇಲಿನ ಹಾಲಿನಂಥ ನೀರನ್ನು ಕುದಿನೀರಿನಲ್ಲಿ ಅದ್ದಿ ತೆಗೆದ ಜಾಡಿಗಳಿಗೆ ಬಗ್ಗಿಸಿ ಫ್ರಿಜ್ಜಿಗಿಟ್ಟರೆ ಆಯಿತು. ಕೆಲವು ವಾರ ಕಳೆದದ್ದಾದರೆ ತಟ್ಟಿ ಎಬ್ಬಿಸಬೇಕು: ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟ್ ಬಿಟ್ಟು, ಒಂದೆರಡು ದಿನ ಹೋಗುತ್ತ ಬರುತ್ತ ಅಲ್ಲಾಡಿಸುತ್ತಿರಬೇಕು. ತಿಳಿ ಬಣ್ಣದ ಬಿಯರಿನ ಯೀಸ್ಟನ್ನು ಕಪ್ಪು ಬಿಯರಿಗೆ ಹಾಕಬಹುದು. ಕಪ್ಪಿನಿಂದ ತಿಳಿಗೆ ಬಂದರೆ ಬಣ್ಣವೂ ಕಹಿಯೂ ಹಿಂದೆಯೇ ಬರುತ್ತವೆ. ತೀರಾ ಕಡುವಾದ ಬಿಯರಿನಲ್ಲಿ ದುಡಿದ ಯೀಸ್ಟ್ ಬಳಲಿರುತ್ತದೆ, ಅದಕ್ಕೆ ನಿವೃತ್ತಿ ಕೊಡುವುದೇ ಧರ್ಮ. ಐದಾರು ತಲೆಮಾರಾದ ಮೇಲೆ ನಾನು ಹೊಸ ಪೊಟ್ಟಣ ತರುತ್ತೇನೆ. ಅಷ್ಟರಲ್ಲಿ ಬೇರೆ ಸೂಕ್ಷ್ಮಾಣುಗಳೂ ಬಾಡಿಗೆ ಕೊಡದೆ ಬಂದು ಸೇರಿಕೊಂಡಿರುತ್ತವೆ.

ಇನ್ನು ಉಳಿತಾಯದ ಲೆಕ್ಕ. ಕೈಯಲ್ಲಿ ಅಲ್ಲಾಡಿಸಿ ಸಾಕಾಗಿ ತಾನೇ ತಿರುಗಿಸುವ ಯಂತ್ರ ತಂದೆ. ಅದರ ಮೇಲಿಡಲು ಲ್ಯಾಬಿನ ಗಾಜಿನ ಫ್ಲಾಸ್ಕ್, ಮಾಲ್ಟ್ ತೂಗಲು ಸಣ್ಣ ತಕ್ಕಡಿ, ಕೊನೆಗೆ ಗರಾಜಿಗೆ ಎರಡನೆಯ ಫ್ರಿಜ್. “ಈ ಹತ್ತು ಡಾಲರ್ ಉಳಿಸೋದು ನಮ್ಮ ಕೈಲಿ ಇನ್ನೆಷ್ಟು ವರ್ಷ ಆಗುತ್ತೋ” ಎಂದಳು ಹೆಂಡತಿ.

ಅವಳಿಗೆ ಡೆನ್ಮಾರ್ಕಿನ ಯಾಕೋಬ್ಸೆನ್ ಕಥೆ ಹೇಳಿದೆ. ಕಾರ್ಲ್ಸ್‌ಬರ್ಗ್ ಬಿಯರಿನ ಮೂಲಪುರುಷ. 1845ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಕಾರ್ಖಾನೆಯಿಂದ ಎರಡು ಡಬ್ಬಿ ಯೀಸ್ಟ್ ಹಿಡಿದು ಕುದುರೆ ಗಾಡಿಯಲ್ಲಿ ಹೊರಟವನು, ದಾರಿಯುದ್ದಕ್ಕೂ ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗೆ ತಣ್ಣೀರು ಹೊಯ್ಯುತ್ತ ಕೋಪನ್‌ಹೇಗನ್ ಮುಟ್ಟಿದ. 1883ರಲ್ಲಿ ಅವನ ಪ್ರಯೋಗಾಲಯದ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದಾಗ, ಯಜಮಾನ ಅದನ್ನು ಬಚ್ಚಿಡದೆ ಬೇರೆ ಬಿಯರಿನವರಿಗೂ ಕೊಟ್ಟ. ನಾರ್ವೆಯ ಹಳ್ಳಿಗಳಲ್ಲಂತೂ ರೈತರು ಮರದ ಬಳೆಗಳ ಸರವನ್ನು ಯೀಸ್ಟಿನಲ್ಲಿ ಅದ್ದಿ ಒಣಗಿಸಿ ತೂಗುಹಾಕುತ್ತಿದ್ದರು. ತಮ್ಮದು ಕೆಟ್ಟರೆ ನೆರೆಮನೆಗೆ ಹೋಗಿ ಕೇಳಿ ತರುತ್ತಿದ್ದರು. “ಅವರ ಹತ್ರ ಕೇಳೋಕೆ ನೆರೆಯವರಿದ್ರು. ನಿಮ್ಮ ಹತ್ರ ಕೇಳೋರು ಯಾರಿದಾರೆ?” ಎಂದಳು.

ಮಾತು ನಾಟಿತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ವಾಸನೆಗೇ ಮೂಗು ಮುಚ್ಚುವ ಹೆಂಡತಿಯ ಪಾಲೂ ನಮ್ಮ ಮನೆಗೆ ಸಲ್ಲುತ್ತದೆ. ಆದರೆ ಕುಡಿಯುವವರು? ಒಂದು ಕಾಲಕ್ಕೆ ಕನ್ನಡ ಕೂಟದ ಯುಗಾದಿ ಮುಗಿದರೆ ಅರ್ಧ ಕೂಟ ನಮ್ಮ ಗರಾಜಿನಲ್ಲಿರುತ್ತಿತ್ತು. ಪೀಪಾಯಿ ಬರಿದಾಗುವ ತನಕ ರಾಜಕುಮಾರ್ ಹಾಡು ನಿಲ್ಲುತ್ತಿರಲಿಲ್ಲ. ಈಗ ಒಬ್ಬನಿಗೆ ಸಕ್ಕರೆ, ಒಬ್ಬನಿಗೆ ಬಿ.ಪಿ., ಇನ್ನೊಬ್ಬ ಮೊಮ್ಮಗುವನ್ನು ನೋಡಿಕೊಳ್ಳಲು ಟೆಕ್ಸಸ್‌ಗೆ ಹೋದ. ಬಂದವರು ಅರ್ಧ ಲೋಟ ಹಿಡಿದು ಮಾತ್ರೆಗಳ ಹೆಸರು ಹೇಳುತ್ತಾರೆ. ಆದರೂ ತಿಂಗಳು ತಿರುಗುತ್ತಲೇ ಜಾಡಿಯ ಯೀಸ್ಟ್ ಹಳತಾಗುತ್ತದಲ್ಲ ಎಂದು ಒಲೆ ಹಚ್ಚುತ್ತೇನೆ. ಬಿಯರಿಗೆ ಬೇಕೆಂದು ಇಟ್ಟುಕೊಂಡದ್ದಕ್ಕೆ ಈಗ ನಾನು ಬಿಯರ್ ಮಾಡಿ ಹಾಕುತ್ತಿದ್ದೇನೆ.

ಈಚೆಗೆ ಪಕ್ಕದ ರಸ್ತೆಗೆ ದಾವಣಗೆರೆಯ ಹುಡುಗನೊಬ್ಬ ಬಂದ. ಅವನಿಗೂ ಈ ಹುಚ್ಚು ಉಂಟೆಂದು ತಿಳಿದದ್ದೇ ಒಂದು ಜಾಡಿಯನ್ನೂ, ಅದರ ವಂಶಾವಳಿಯ ಮೇಲೆ ದೀರ್ಘ ಉಪನ್ಯಾಸವನ್ನೂ ಕೊಟ್ಟು ಕಳಿಸಿದೆ. ಹಗಲು ಹೊತ್ತಿನಲ್ಲೇ. ಕೆಲವು ವಾರಗಳ ಮೇಲೆ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಎರಡು ತುಂಬಿದ ಜಾಡಿ.

“ನಿಮ್ದೇ ಅಂಕಲ್. ಬಾಳ ಆಗೇತಿ, ಚೆಲ್ಲಾಕ ಮನಸ್ಸು ಬರಲಿಲ್ಲ.”

“ಬಿಯರ್ ಹೇಗಾಯ್ತು?”

“ಚಲೋ ಆಗೇತಿ. ಆದ್ರ ಹತ್ತೊಂಬತ್ತು ಲೀಟರ್ ಒಬ್ಬನ ಏನ್ ಮಾಡ್ಲಿ? ಇಲ್ಲಿ ನಂಗ್ಯಾರೂ ಪರಿಚಯ ಇಲ್ಲ. ಶನಿವಾರ ಬರ್ತೀರೇನು?”

ಸೋಮವಾರ ಬೆಳಗ್ಗೆ ನನಗೆ ರಕ್ತಪರೀಕ್ಷೆ ಇತ್ತು. ಫೋನ್ ಮಾಡಿ ಮುಂದಿನ ವಾರಕ್ಕೆ ಹಾಕಿಸಿದೆ.