ಕಲ್ಪತರು ನಾಡಿನಲ್ಲಿ ಒಂದು ಕೊಡ ನೀರು

ತಿಪಟೂರಿನಲ್ಲಿ ಇಳಿದು, ಮುಂದಿನ ಬಸ್ಸಿಗೆ ಕಾಯುತ್ತಾ ಬೋರ್ಡುಗಳನ್ನು ಓದಿ ನೋಡಿ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ, ಕಂದಿಕೆರೆ... ಎಲ್ಲ ಊರಿನ ಹೆಸರಿನ ಕೊನೆಗೂ ಒಂದೊಂದು ಕೆರೆ! ನೀರಿದ್ದಲ್ಲೇ ಊರು ಅನ್ನೋದು ನಮ್ಮ ಹಿರಿಯರ ಲೆಕ್ಕ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಓಡುವ ನೀರನ್ನು ಕಟ್ಟಿ ನಿಲ್ಲಿಸಿ, ಅದರ ತಂಪಿನಲ್ಲಿ ತೆಂಗು ಬೆಳೆಸಿದರು.

ಬಸ್ಸು ಹೊರಟ ಮೇಲೆ ಕಿಟಕಿಯಾಚೆ ಕಾಣುವುದೆಲ್ಲ ತೆಂಗೇ. ತಿಪಟೂರಿನ ಉಂಡೆ ಕೊಬ್ಬರಿಯ ಹೆಸರು ಕೇಳದ ಗೃಹಿಣಿ ಉಂಟೇ? ಕಾಯಿಯನ್ನು ಹೆಚ್ಚೂಕಡಿಮೆ ಒಂದು ವರ್ಷ ಅಟ್ಟದ ಮೇಲಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಗಡಗಡ ಅನ್ನುವ ತನಕ ಕಾಯುವ ತಾಳ್ಮೆ ಇಲ್ಲಿಯವರದು. ಇಷ್ಟು ಸಿರಿ ಇರುವ ಮನೆಯ ಹೆಂಗಸಿಗೆ ನೀರಿಗೇನು ಕೊರತೆ ಅಂತ ನೀವು ಕೇಳಬಹುದು. ಕೊರತೆ ಇರುವುದೇ ಅಲ್ಲಿ!

ಹಿಂದೆ ಕುಡಿಯಲು ಕೆರೆ, ಬಾವಿಯ ನೀರಾಗಿತ್ತು. ಅದರ ಜೊತೆಗೇ ವಾಂತಿಭೇದಿಯೂ ಬರುತ್ತಿತ್ತು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿದಾಗ ಹೆಂಗಸರು ಎಷ್ಟು ಹರಸಿದರೆಂದರೆ, ಅವರ ಹೆಸರೇ ‘ನೀರ್ ಸಾಬ್’ ಆಯಿತು. ಕೈ ಪಂಪು ಒತ್ತಿದರೆ ಕೊಡ ತುಂಬುವ ಆ ಸುಖ ಸಣ್ಣದಲ್ಲ. ಆದರೆ ಮುಂದೆ ತೋಟತೋಟಕ್ಕೂ ಬೋರ್‌ವೆಲ್ ಬಂತು. ನೀರು ಪಾತಾಳಕ್ಕಿಳಿಯಿತು. ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ತುಮಕೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಕಷ್ಟ ಇದು.

ಗಡಸು ನೀರನ್ನು ಗುರುತಿಸಲು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಳೆ ಬೇಯದು, ಸೋಪು ನೊರೆ ಬಾರದು, ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕೂರುತ್ತದೆ. ಫ್ಲೋರೈಡ್ ಹಾಗಲ್ಲ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಅಂಶ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಬೆನ್ನು ಬಗ್ಗದು, ಕುಳಿತರೆ ಏಳಲಾಗದು. ಹಲ್ಲಿನ ಕಲೆ ಮೂಡುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ. ಆಮೇಲೆ ಯಾವ ಹಲ್ಲುಪುಡಿ ತಿಕ್ಕಿದರೂ ಹೋಗದು. ನಗುವಾಗ ಸೆರಗು, ಕೈ ಅಡ್ಡ ಹಿಡಿಯುವ ಹುಡುಗಿಯನ್ನು ಕಂಡರೆ ನಾಚಿಕೆಯ ಸ್ವಭಾವ ಎಂದುಕೊಳ್ಳಬೇಡಿ. ಅವಳ ಮನೆಯ ಕೊಡದಲ್ಲಿ ಎಂಥ ನೀರಿದೆ ಎಂದು ಯೋಚಿಸಿ.

ಇನ್ನೊಂದು ಮಾತು. ‘ನಾವು ಕಾಯಿಸಿ ಆರಿಸಿಯೇ ಕುಡಿಯೋದು’ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಅಂಶ ಹೆಚ್ಚುತ್ತದೆ ಅಷ್ಟೇ.

ಹಾಗಾದರೆ ದಾರಿ? ಒಂದು, ದೂರದಿಂದ ಬರುವ ಹೊಳೆ ನೀರು. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟೆಯಿಂದ ಹೇಮಾವತಿ ನಾಲೆಯಾಗಿ, ಬಾಗೂರು-ನವಿಲೆಯ ಸುರಂಗ ದಾಟಿ ಈ ಕಡೆಗೆ ಬಂದಿದ್ದಾಳೆ. ನಾಲೆಯ ನೀರು ಕೆರೆಗೆ ಬಿದ್ದ ಊರಲ್ಲಿ ಸುತ್ತಲ ಬಾವಿಗಳಿಗೂ ಜೀವ ಬರುತ್ತದೆ. ಎರಡು, ಹಳ್ಳಿಗಳಲ್ಲಿ ಎದ್ದಿರುವ ಶುದ್ಧ ನೀರಿನ ಘಟಕಗಳು. ನಾಣ್ಯ ಹಾಕಿ ಕ್ಯಾನು ಹಿಡಿದರೆ ಕುಡಿಯುವ ನೀರಾಯಿತು. ಆದರೆ ಯಂತ್ರ ಕೆಟ್ಟ ದಿನ ಮತ್ತೆ ಹಳೆಯ ನೀರೇ ಗತಿ. ಮೂರು, 2019ರಲ್ಲಿ ಘೋಷಿಸಿದ ಜಲಜೀವನ್ ಯೋಜನೆಯ ಮನೆ ನಲ್ಲಿ. ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬುದು ಅದರ ಗುರಿ. ಐದು ಜನರ ಮನೆಗೆ 275 ಲೀಟರ್. ಬೇಸಗೆಯಲ್ಲಿ ಒಂದು ತೆಂಗಿನ ಮರವೇ ದಿನಕ್ಕೆ ನಲವತ್ತೈವತ್ತು ಲೀಟರ್ ಕೇಳುತ್ತದೆ. ಅಂದರೆ ಇಡೀ ಸಂಸಾರಕ್ಕೆ ಬೇಕಾದ್ದು ಐದಾರು ಮರದ ನೀರು! ಮರಕ್ಕೆ ಮೋಟಾರು ಹಾಕಿಸಿದವರು ಮನೆಯೊಳಗಿನವರ ಕೊಡದ ಬಗ್ಗೆಯೂ ಯೋಚಿಸಬೇಡವೇ?

ನಾಲ್ಕನೆಯ ದಾರಿ ನಮ್ಮ ತಲೆಯ ಮೇಲೆಯೇ ಇದೆ. ಅದು ಚಾವಣಿಯ ಮಳೆನೀರು. ತಿಪಟೂರಿನಲ್ಲಿ ನೆಲೆಯಾಗಿರುವ ಬೈಫ್ ಸಂಸ್ಥೆಯವರು ‘ಸಚೇತನ’ ಎಂಬ ಹೆಸರಿನಲ್ಲಿ ರಾಜ್ಯದ ಫ್ಲೋರೈಡ್ ಹಳ್ಳಿಗಳ ಮನೆಗಳಿಗೆ ಇಂಥ ತೊಟ್ಟಿಗಳನ್ನು ಕಟ್ಟಿಸಿದ್ದಾರೆ. ಲೆಕ್ಕ ಸುಲಭ, ನೀವೇ ಹಾಕಿ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐವತ್ತು ಚದರ ಮೀಟರಿನ ಮನೆ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿಯಿರಿ. 30,000 ಲೀಟರ್ ಆಯಿತು. ಐದರಲ್ಲೊಂದು ಪಾಲು ಪೋಲಾದರೂ 24,000 ಉಳಿಯಿತು. ಕುಡಿಯಲು, ಅಡುಗೆಗೆ ಎಂದು ದಿನಕ್ಕೆ 25 ಲೀಟರ್ ಬಳಸಿದರೆ ವರ್ಷಕ್ಕೆ ಬೇಕಾದ್ದು 9,125 ಮಾತ್ರ! ಐದು ಸಾವಿರ ಲೀಟರಿನ ತೊಟ್ಟಿ ಕಾರ್ತಿಕದಲ್ಲಿ ತುಂಬಿದ್ದರೆ 200 ದಿನ, ಅಂದರೆ ಯುಗಾದಿ ದಾಟಿ ಮುಂಗಾರಿನ ತನಕ ಬರುತ್ತದೆ.

ಕೆಲವು ಎಚ್ಚರಿಕೆಗಳು: ಮಳೆಗಾಲಕ್ಕೆ ಮೊದಲೇ ಚಾವಣಿ, ದೋಣಿ ಗುಡಿಸಿ ತೊಳೆಯಿರಿ. ಮೊದಲ ಮಳೆಯ ನೀರನ್ನು ಗಿಡಕ್ಕೆ ಬಿಡಿ. ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಪದರದಲ್ಲಿ ಸೋಸಿ ತುಂಬಿಸಿ. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಸೊಳ್ಳೆ ನುಗ್ಗದಂತೆ ಬಾಯಿ ಭದ್ರವಾಗಿರಲಿ. ಕೊಡ ಮುಳುಗಿಸಬೇಡಿ, ನಲ್ಲಿ ಇಡಿಸಿ. ಕುಡಿಯುವ ಮುಂಚೆ ಕಾಯಿಸಿ ಆರಿಸಿ. ಈ ನೀರಿಗೆ ಕಾಯಿಸುವುದು ಸಾರ್ಥಕ. ಮಳೆನೀರು ಮೆದು, ಬೇಳೆ ಬೇಗ ಬೇಯುತ್ತದೆ, ಸೌದೆಯೂ ಗ್ಯಾಸೂ ಉಳಿತಾಯ. ಮಕ್ಕಳಿಗೆ ರಾಗಿ, ಹಾಲು, ನೆಲ್ಲಿಕಾಯಿ ಧಾರಾಳವಾಗಿ ಕೊಡಿ. ಚಹಾದಲ್ಲೂ ಫ್ಲೋರೈಡ್ ಇರುವುದರಿಂದ ಅದನ್ನು ಕೊಡಬೇಡಿ.

ನೀರನ್ನು ಪರೀಕ್ಷೆ ಮಾಡಿಸಲು ಮರೆಯದಿರಿ. ಊರಿಗೆ ಐವರು ಹೆಂಗಸರಿಗೆ ಪರೀಕ್ಷಾ ಪೆಟ್ಟಿಗೆ ಬಳಸುವ ತರಬೇತಿ ಕೊಡಬೇಕೆಂದು, ಊರಿನ ನೀರಿನ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರೇ ಇರಬೇಕೆಂದು ಜಲಜೀವನ್ ಯೋಜನೆಯೇ ಹೇಳಿದೆ. ಆ ಅರ್ಧದಲ್ಲಿ ನೀವೂ ಒಬ್ಬರಾಗಿ. ಹೋಗಿ ಸುಮ್ಮನೆ ಕೂರಬೇಡಿ, ನಮ್ಮ ಬೋರ್‌ವೆಲ್ಲಿನ ಫ್ಲೋರೈಡ್ ಎಷ್ಟು ಎಂದು ಕೇಳಿ. ಅಂಕಿ ಸಿಗುವವರೆಗೂ ಕೇಳಿ.

ಮನೆಯ ಬಾಗಿಲಿಗೆ ನೀರು ಬಂದರೆ ಉಳಿಯುವುದು ಬರೀ ಸೊಂಟನೋವಲ್ಲ. ಬೆಳಗಿನ ಹೊತ್ತು ಉಳಿಯುತ್ತದೆ. ಸರತಿಯಲ್ಲಿ ನಿಲ್ಲುತ್ತಿದ್ದ ಹುಡುಗಿ ಗಂಟೆ ಬಾರಿಸುವ ಮೊದಲೇ ಶಾಲೆಯಲ್ಲಿರುತ್ತಾಳೆ. ಅಟ್ಟದಲ್ಲಿ ವರ್ಷವಿಡೀ ಕೊಬ್ಬರಿ ಕಾಯುವ ಮನೆಗಳು ಅದರ ಕೆಳಗೆ ವರ್ಷದ ಮಳೆಯನ್ನೂ ಕಾಯ್ದಿಡಬಲ್ಲವು. ಮಗಳನ್ನು ಈ ಸೀಮೆಗೆ ಕೊಡುವಾಗ ತೋಟದಲ್ಲಿ ಎಷ್ಟು ಮರ ಎಂದು ತಪ್ಪದೆ ಕೇಳುತ್ತೀರಲ್ಲ? ಜೊತೆಗೆ ಇನ್ನೊಂದು ಮಾತನ್ನೂ ಕೇಳಿಬಿಡಿ: ನಿಮ್ಮ ಅಡುಗೆಮನೆಗೆ ನೀರು ಎಲ್ಲಿಂದ ಬರುತ್ತದೆ?